ಮೊದಲು ಗೊಂಬೆಗೆ

ನಾನು ರೊಟ್ಟಿ ತಟ್ಟುತ್ತಿದ್ದಾಗ ಮಗಳು ಇಂಚರಳ ಸೊಂಟದಲ್ಲಿದ್ದ ಇನ್ಸುಲಿನ್ ಪಂಪ್ ಕೂಗಿತು: “ಹೊಸ ಪ್ರೋಗ್ರಾಂ ಬಂದಿದೆ. ಈಗಲೇ ಒಪ್ಪಿ. ಇಲ್ಲದಿದ್ದರೆ ನಿಂತುಹೋಗುತ್ತೇನೆ.”

ಗಾಬರಿಯಿಂದ ಹಿಟ್ಟಿನ ಕೈಯಲ್ಲೇ ಗುಂಡಿ ಒತ್ತಲು ಹೋದೆ. ಅವಳು ಪಂಪನ್ನು ಅಂಗೈಯಿಂದ ಮುಚ್ಚಿಕೊಂಡಳು.

“ಅಮ್ಮಾ, ಮೊದ್ಲು ಗೊಂಬೆಗೆ!”

ಅದು ನಮ್ಮ ಬೀದಿಯ ಕಟ್ಟಳೆ. ಕಳ್ಳರು ಕಂಪನಿಯ ಹೆಸರಿನಲ್ಲಿ ಯಂತ್ರಗಳೊಳಗೆ ನುಗ್ಗತೊಡಗಿದ ಮೇಲೆ, ಮಕ್ಕಳ ಪಂಪಿಗೆ ಏನೇ ಬಂದರೂ ಮೊದಲು ಅಂಗನವಾಡಿಯ ಬಟ್ಟೆಗೊಂಬೆಯ ಪಂಪಿಗೆ ಹಾಕಿ ನೋಡುತ್ತೇವೆ. ಅದರಲ್ಲಿ ಔಷಧಿಯ ಬದಲು ನೀರಿರುತ್ತದೆ.

ಅಂಗನವಾಡಿಗೆ ಓಡಿದೆವು. ಅಲ್ಲಿನ ಟೀಚರ್ ಮೆಹರಕ್ಕ ಗೊಂಬೆಗೆ ತಲೆ ಬಾಚುತ್ತಿದ್ದರು. “ಬನ್ನಿ, ನಮ್ ಮಹಾರಾಣಿ ಈಗಷ್ಟೇ ಎದ್ದವ್ಳೆ,” ಎಂದು ನಗುತ್ತಾ ಎರಡೂ ಪಂಪುಗಳಿಗೆ ತಂತಿ ಜೋಡಿಸಿ, ಹೊಸ ಪ್ರೋಗ್ರಾಮನ್ನು ಗೊಂಬೆಯ ಪಂಪಿಗೆ ಹಾಕಿದರು.

ನೀರೆಲ್ಲ ಒಮ್ಮೆಗೇ ಸುರಿದು ಗೊಂಬೆಯ ಹೊಟ್ಟೆ, ಲಂಗ ತೊಯ್ದುಹೋದವು.

ನನ್ನ ಮಗಳ ಪಂಪಿನಲ್ಲಿ ಎರಡು ದಿನದ ಔಷಧಿ ಇತ್ತು. ನಾನು ಗುಂಡಿ ಒತ್ತಿದ್ದರೆ ಅಷ್ಟೂ ಒಮ್ಮೆಗೇ ಮೈಗಿಳಿದು ಅವಳ ಜೀವಕ್ಕೇ ಕುತ್ತಾಗುತ್ತಿತ್ತು. ಮೆಹರಕ್ಕ ಆ ಪ್ರೋಗ್ರಾಮನ್ನು ಎರಡೂ ಪಂಪುಗಳಿಂದ ಅಳಿಸಿ, ಪಂಪ್ ಹಾಕಿಕೊಂಡ ಮಕ್ಕಳಿರುವ ಉಳಿದ ಮನೆಗಳಿಗೆ ಹೇಳಲು ಓಡಿದರು. ಇಂಚರಳ ಪಂಪ್ ನಿಲ್ಲಲಿಲ್ಲ, ಎಂದಿನಂತೆಯೇ ನಡೆಯುತ್ತಿತ್ತು.

ಅವಳು ಗೊಂಬೆಯ ಒದ್ದೆ ಲಂಗ ಬಿಚ್ಚಿ, ತನ್ನ ಸ್ವೆಟರ್ ತೆಗೆದು ಸುತ್ತಿದಳು. “ಪಾಪ, ಇವತ್ತು ಇವ್ಳು ನಮ್ಮನೇಲಿ ಮಲಗ್ಲಿ ಅಮ್ಮ.”