ಆ ವಿಳಾಸದಲ್ಲಿ ಇಲ್ಲ

“ನೀವು ಕೊಟ್ಟಿರೋ ವಿಳಾಸದಲ್ಲಿ ಭಾಗ್ಯ ಅನ್ನೋ ವಕೀಲರೇ ಇಲ್ಲವಂತೆ ಮೇಡಂ,” ಎಂದು ಬ್ಯಾಂಕಿನ ಮ್ಯಾನೇಜರು ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದರು. ಎದುರಿಗೆ ಕರಿಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ಆ ಭಾಗ್ಯಳೇ. ಕಣ್ಣೆದುರು ಕೂತವಳನ್ನೇ ಇಲ್ಲ ಎನ್ನಬೇಕಾಗಿ ಬಂದದ್ದು ಅವರಿಗೂ ಮುಜುಗರವಾಗಿರಬೇಕು, ಅವಳಿಗೊಂದು ಟೀ ತರಿಸಿದರು.

ಮನೆಸಾಲ ಕೊಡುವ ಮುಂಚೆ, ಅಡವಿಡುವ ಆಸ್ತಿಯ ಪತ್ರಗಳು ಸರಿಯಾಗಿವೆ ಎಂದು ವಕೀಲರೊಬ್ಬರು ಬ್ಯಾಂಕಿಗೆ ಬರೆದುಕೊಡಬೇಕು. ಹೋದ ವರ್ಷ ಯಾವುದೋ ಶಾಖೆಯಲ್ಲಿ, ಕಾನೂನಿನ ಗಂಧಗಾಳಿ ಇಲ್ಲದವನೊಬ್ಬ ವಕೀಲನ ಸೀಲು ಮಾಡಿಸಿಕೊಂಡು, ಯಾರದೋ ಸೈಟಿನ ಮೇಲೆ ಯಾರಿಗೋ ಸಾಲ ಕೊಡಿಸಿ ಪರಾರಿಯಾಗಿದ್ದ. ಅಂದಿನಿಂದ ಬ್ಯಾಂಕಿನವರಿಗೆ ಕರಿಕೋಟು ಕಂಡರೇ ಅನುಮಾನ. ಹೊಸದಾಗಿ ಸೇರುವ ವಕೀಲರ ಊರಿಗೆ ಸುಳಿವು ಕೊಡದೆ ಒಬ್ಬನನ್ನು ಕಳಿಸಿ, ಫೋಟೋ ತೋರಿಸಿ ವಿಚಾರಿಸುತ್ತಿದ್ದರು.

ಕಾಡಂಚಿನ ತನ್ನ ಆದಿವಾಸಿ ಹಾಡಿಯಿಂದ ಕಾನೂನು ಓದಿ ಕೋಟೆ ಪಟ್ಟಣದ ಕೋರ್ಟಿಗೆ ಬಂದ ಮೊದಲನೆಯವಳು ಭಾಗ್ಯ. ಸೀನಿಯರ್ ಕೈಕೆಳಗೆ, ಕೇಸು ಮುಂದೂಡಿ ಎಂದು ವಾಯಿದಾ ಕೇಳಿ ಕೇಳಿ ಸಾಕಾಗಿತ್ತು. ಈ ಬ್ಯಾಂಕಿನ ಕೆಲಸ ಸಿಕ್ಕಿದ್ದರೆ ಕೋರ್ಟಿನ ಎದುರು ಒಂದು ರೂಮು ಹಿಡಿದು ತನ್ನದೇ ಬೋರ್ಡು ಹಾಕಬಹುದಿತ್ತು. ಅವಳು ಆಧಾರ್, ಬಾರ್ ಕೌನ್ಸಿಲ್ಲಿನ ಕಾರ್ಡು ಎಲ್ಲವನ್ನೂ ಮೇಜಿನ ಮೇಲೆ ಹರಡಿದಳು.

“ಕಾರ್ಡುಗಳು ಆ ಕಳ್ಳನ ಹತ್ರಾನೂ ಇದ್ವು ಮೇಡಂ. ನನಗೆ ನಿಮ್ಮ ಮೇಲೆ ಅನುಮಾನ ಇಲ್ಲ. ಆದ್ರೆ ಹಾಡೀಲಿ ಮೂರು ಜನಾನ ಕೇಳಿದಾರೆ, ಮೂರು ಜನಾನೂ ಈ ಮುಖಾನೇ ಕಂಡಿಲ್ಲ ಅಂದಿದಾರೆ. ರಿಪೋರ್ಟು ಹೆಡ್ ಆಫೀಸಿಗೆ ಹೋಗಿಯಾಯ್ತು. ಇನ್ನು ನನ್ನ ಕೈಲೇನೂ ಇಲ್ಲ.”

ಒಂದು ಕಡೆ ಅನುಮಾನದ ಪಟ್ಟಿಗೆ ಸೇರಿದ ಹೆಸರನ್ನು ಬೇರೆ ಬ್ಯಾಂಕಿನವರೂ ಮೂಸಿ ನೋಡುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಟೀ ಹಾಗೇ ಉಳಿಯಿತು.

ಬಸ್ಸಿನಲ್ಲಿ ಕೂತವಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಇದು ಪಕ್ಕದ ಮನೆಯ ಚಿಕ್ಕಬೀರಮ್ಮನದೇ ಕೆಲಸ. ಅವಳ ಮಗ ಓದು ಬಿಟ್ಟು ಕೊಡಗಿನ ತೋಟಕ್ಕೆ ಕೂಲಿಗೆ ಹೋದಂದಿನಿಂದ ಅವಳಿಗೆ ಭಾಗ್ಯಳ ಕೋಟು ಕಂಡರಾಗದು. ಹಾಡಿಯಲ್ಲಿ ಇಳಿದವಳೇ ಕಲಿತ ಕಾನೂನನ್ನೆಲ್ಲ ಮರೆತು ಚಿಕ್ಕಬೀರಮ್ಮನ ಅಂಗಳದಲ್ಲಿ ನಿಂತು, ಕೇಳಲು ಬಂದವನಿಗೆ ನನ್ನನ್ನು ಕಂಡೇ ಇಲ್ಲ ಅಂದೆಯಾ, ನಿನ್ನ ಹೊಟ್ಟೆಕಿಚ್ಚಿಗೆ ನನ್ನ ಬಾಳೇ ಸಿಕ್ಕಿತಾ ಎಂದು ಬಾಯಿಗೆ ಬಂದಂತೆ ಬೈದಳು. ಚಿಕ್ಕಬೀರಮ್ಮ ತಲೆ ತಗ್ಗಿಸಿಕೊಂಡು ರಾಗಿ ಕೇರುತ್ತಲೇ ಇದ್ದಳು. ಅಷ್ಟರಲ್ಲಿ ಅವ್ವ ಮುತ್ತಿ ಓಡಿಬಂದು ಮಗಳ ರಟ್ಟೆ ಹಿಡಿದು ಮನೆಯೊಳಕ್ಕೆ ಎಳೆದುಕೊಂಡು ಹೋದಳು.

“ಅವ್ಳನ್ಯಾಕೆ ಅಂತೀಯ ಮಗಾ. ಮೊದ್ಲು ಇಲ್ಲ ಅಂದೋಳು ನಾನು ಕಣವ್ವ. ಯಾವನೋ ಬೂಟು ಆಕ್ಕಂಡು ಬೈಕಲ್ಲಿ ಬಂದಿದ್ದ. ನಿನ್ ಪೋಟ ತೋರ್ಸಿ, ಇವ್ಳು ಇಲ್ಲೇ ಇರದಾ ಅಂತ ಕೇಳ್ದ. ನಾನು ಕಂಡೇ ಇಲ್ಲ ಅಂದೆ. ಉಳ್ದೋರಿಗೆ ಕಣ್ಸನ್ನೆ ಮಾಡ್ದೆ, ಅವ್ರೂ ಅಂಗೇ ಅಂದ್ರು. ನೀನು ಎದ್ರುಕಂಡೀಯ ಅಂತ ನಿಂಗೆ ಯೋಳ್ನಿಲ್ಲ.”

ಭಾಗ್ಯ ಗೋಡೆಗೆ ಒರಗಿ ಕೂತಳು. ಬಂದವನು ಬ್ಯಾಂಕಿನವನು, ನೀನು ಹೂಂ ಎಂದಿದ್ದರೆ ಸಾಕಿತ್ತು ಎಂದು ಕಿರುಚುವಷ್ಟು ಸಂಕಟ ಒತ್ತರಿಸಿ ಬಂತು. ಆದರೆ ಅವ್ವನ ಮಾತಿನ್ನೂ ಮುಗಿದಿರಲಿಲ್ಲ.

ಭಾಗ್ಯ ಅಂಬೆಗಾಲಿಡುತ್ತಿದ್ದಾಗ ಹೀಗೇ ಇಬ್ಬರು ಬಂದು ಜವರನ ಮನೆ ಯಾವುದೆಂದು ಕೇಳಿದ್ದರು. ಸರ್ಕಾರದ ಮನೆ ಮಂಜೂರಾಗಿರಬೇಕೆಂದು ಮುತ್ತಿ ತಾನೇ ಮುಂದೆ ಹೋಗಿ ಗಂಡನನ್ನು ತೋರಿಸಿದ್ದಳು. ಬಂದವರು ಮನೆ ಕೊಡುವವರಾಗಿರಲಿಲ್ಲ, ಕೇಸಿಗೆ ಹಿಡಿಯುವವರಾಗಿದ್ದರು. ಮಾಡದ ತಪ್ಪಿಗೆ ಅವರು ಹಿಡಿದುಕೊಂಡು ಹೋದ ಜವರ, ತಿರುಗಿ ಬಂದ ಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಅಪ್ಪ ಜೈಲಿಗೆ ಹೋಗಿದ್ದು, ಸತ್ತದ್ದು ಭಾಗ್ಯಳಿಗೆ ಗೊತ್ತಿತ್ತು. ತೋರಿಸಿಕೊಟ್ಟವಳು ಅವ್ವನೇ ಎಂಬುದು ಗೊತ್ತಿರಲಿಲ್ಲ.

“ಅವತ್ತು ನಿಜ ಯೋಳಿ ನಿಮ್ಮಪ್ಪನ್ನ ಕಳ್ಕಂಡೆ. ಈ ಸಲ ಬಾಯಿ ಬುಡ್ನಿಲ್ಲ ಕಣವ್ವ.” ಮುತ್ತಿಯ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವೂ ಇತ್ತು. ಅವ್ವ ಇಷ್ಟು ಹಗುರಾಗಿ ಉಸಿರಾಡಿದ್ದನ್ನು ಭಾಗ್ಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೋದ ಕೆಲಸವಂತೂ ಹೋಯಿತು, ಅವ್ವನ ಈ ನೆಮ್ಮದಿಯನ್ನೂ ಕಿತ್ತುಕೊಳ್ಳುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ.

“ಯಾರವ್ವ ಅವ್ನು? ಕೇಸ್ನೋನೇ ತಾನೆ?” ಎಂದು ಮುತ್ತಿ ಕೇಳಿದಳು.

“ಊಂ ಕಣವ್ವ,” ಎಂದಳು ಭಾಗ್ಯ. “ಒಳ್ಳೇದು ಮಾಡ್ದೆ ಬುಡು.”

ಮುತ್ತಿ ಹತ್ತಿರ ಬಂದು ಕೂತು ಮಗಳ ತಲೆ ಸವರಿದಳು.

“ಎದ್ರಬ್ಯಾಡ ಮಗಾ. ಇನ್ನೊಂದ್ಸಲ ಬರ್ಲಿ ಅವ್ನು, ನಂಗೆ ಮಗ್ಳೇ ಉಟ್ಟಿಲ್ಲ ಅಂತೀನಿ.”