ತೊಟ್ಟಿಲ ಅಂಚು

“ಹಲ್ಲಿನ ಗುರುತು ಎಲ್ಲಿ ಹೋಯ್ತಮ್ಮಾ?” ನಾಗಲಕ್ಷ್ಮಮ್ಮ ತೊಟ್ಟಿಲ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಪಟ್ಟಂದೂರು ಅಗ್ರಹಾರದ ಅವರ ಹಳೆಯ ಮನೆ ಕೆಡವುವ ಮುನ್ನ, ಬಾಡಿಗೆಗಿದ್ದ ಚಿತ್ರಕಲಾವಿದೆ ಕೃಪಾ ಅಲ್ಲಿನ ಕೆತ್ತನೆಯ ಕಂಬ, ಮಂಚ, ಬೀಟೆಮರದ ತೊಟ್ಟಿಲನ್ನೆಲ್ಲ ತನ್ನ ಪುಸ್ತಕಕ್ಕೆಂದು ಚಿತ್ರಿಸಿದ್ದಳು. ನಾಗಲಕ್ಷ್ಮಮ್ಮನ ಯಜಮಾನರು ಮಾರಿದ ತೊಟ್ಟಿಲನ್ನು ಹಳೆ ಸಾಮಾನಿನ ಅಂಗಡಿಯವರು ಆಗಲೇ ಉಜ್ಜಿ ಪಾಲಿಶ್ ಮಾಡಿಬಿಟ್ಟಿದ್ದರು.

“ಕೆತ್ತಿರೋ ಗಿಳಿಗಳು ಎದ್ದು ಕಾಣ್ಲಿ ಅಂತ ಅಂಚಿನ ಗೀರು ಬಿಟ್ಬಿಟ್ಟೆ ಆಂಟಿ.”

“ಗೀರಲ್ಲ ಕಣಮ್ಮಾ. ಹಲ್ಲು ಬರ್ತಿದ್ದಾಗ ನಮ್ ಪುಟ್ಟಿ ಕಚ್ಚಿದ್ದು. ನಡೆಯೋಕ್ ಮುಂಚೇನೆ ತೀರ್ಕೊಂಡ್ಲು. ಒಂದು ಫೋಟೋನೂ ತೆಗ್ಸಿರ್ಲಿಲ್ಲ.”

ಕೃಪಾ ಗಡಿಬಿಡಿಯಲ್ಲಿ ಪೆನ್ಸಿಲ್ ಹುಡುಕಿದಳು. “ಎಲ್ಲಿತ್ತು ತೋರ್ಸಿ ಆಂಟಿ, ಈಗ್ಲೇ ಹಾಕ್ತೀನಿ.”

ನಾಗಲಕ್ಷ್ಮಮ್ಮನ ಬೆರಳು ಚಿತ್ರದಲ್ಲಿನ ತೊಟ್ಟಿಲ ಅಂಚಿನುದ್ದಕ್ಕೂ ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಎಲ್ಲಿಯೂ ನಿಲ್ಲಲಿಲ್ಲ.