ಆಫ್ರಿಕಾದ ಸೊಸೆ

"ಬಂದವರಿಗೆಲ್ಲ ನೀ ಆಫ್ರಿಕಾದಾಕಿ ಅಂತ ಹೇಳೇನಿ," ಎಂದರು ಅತ್ತೆ, ಸೊಸೆಯ ಸೆರಗಿಗೆ ಪಿನ್ನು ಹಾಕುತ್ತ. "ಫಾರಿನ್ ಅಂದ್ರ ಒಂದು ತೂಕ ಇರ್ತದ. ಹಳಿಯಾಳ ಕಾಡಿನ ಸಿದ್ದಿ ಜನದಾಕಿ ಅಂತ ಗೊತ್ತಾದ್ರ ನಮ್ಮ ಮರ್ಯಾದಿ ಹೋಗ್ತದ. ಕನ್ನಡ ಮಾತಾಡಬ್ಯಾಡ."

ಸೊಸೆ ತಲೆಯಾಡಿಸಿ, ತನ್ನ ಕೂಸನ್ನೆತ್ತಿಕೊಂಡು ನಾಮಕರಣಕ್ಕೆ ಬಂದವರ ನಡುವೆ ಹೋದಳು.

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಇನ್ನು ಜೋಗುಳ ಹಾಡಬೇಕು. ನೆರೆದ ಹೆಂಗಸರಲ್ಲಿ ಒಬ್ಬರಿಗೂ ಎರಡನೇ ಸಾಲು ಬರಲಿಲ್ಲ. ಕೂಸು ಅಳತೊಡಗಿತು.

ಸೊಸೆ ತೊಟ್ಟಿಲು ತೂಗುತ್ತ, ತನ್ನ ಅವ್ವ ಹಾಡುತ್ತಿದ್ದ ಜೋಗುಳವನ್ನು ಕೊನೆಯ ನುಡಿಯವರೆಗೂ ಹಾಡಿದಳು. ಕೂಸು ನಿದ್ದೆಹೋಯಿತು.

ಎದುರುಮನೆಯಾಕೆ ಬೆರಗಾಗಿ ಅತ್ತೆಯನ್ನು ಕೇಳಿದಳು: "ಎಂಥಾ ಸ್ವಚ್ಛ ಕನ್ನಡರೀ ನಿಮ್ಮ ಸೊಸಿದು. ಯಾರು ಕಲಿಸಿದ್ರು?"

ಅತ್ತೆ ಸೆರಗು ಸರಿಮಾಡಿಕೊಂಡರು.

"ನಾನ ಕಲಿಸಿದೆ. ಪೂರಾ ಒಂದು ವರ್ಷ ಹಿಡೀತು ನೋಡ್ರಿ."